ಬಾಗಿಲು ಕುಟ್ಟುವವನ ಬೈಗುಳ

ಆ ಕೋಟೆಗುಡಿಯೊಳಗೆ ಬಾಯಿಗೆ ಬಂದಂತೆ ಬೈಯುವ ಹಕ್ಕು ಇದ್ದದ್ದು ಒಬ್ಬನಿಗೇ, ಬಾಗಿಲ ಕಲ್ಲುಕುಟಿಗನಿಗೆ. ಎಲ್ಲರ ಬಾಯಲ್ಲೂ ಅವನು ಗೊಣಗಪ್ಪ. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಆ ಗುಡಿಯ ಗೋಡೆ ಬೆಳೆಯುವ ಕಲ್ಲಿನದು. ಯಾರಾದರೂ ಹೆದರಿ 'ಕಾಪಾಡಪ್ಪಾ' ಎಂದು ಮೊರೆಯಿಟ್ಟರೆ ಸಾಕು, ದಪ್ಪಗಾಗುತ್ತಿತ್ತು. ಕಾಪಾಡುವುದೇನೋ ಸರಿ, ಬಾಗಿಲು ಯಾವುದು ಬಿರುಕು ಯಾವುದು ಎಂಬ ವಿವೇಕ ಆ ಕಲ್ಲಿಗೆ ಎಲ್ಲಿಂದ ಬರಬೇಕು? ಇದ್ದ ಒಂದೇ ಒಂದು ಬಾಗಿಲನ್ನೂ ಅದು ಎರಡೂ ಕಡೆಯಿಂದ ಮುಚ್ಚಿಕೊಂಡು ಬರುತ್ತಿತ್ತು. ದಿನಾ ಬೆಳಗ್ಗೆ ಗೊಣಗಪ್ಪ ಅದನ್ನು ಕುಟ್ಟಿ ಕೆಡವಬೇಕು. ಕುಟ್ಟುವವನ ಬಾಯಲ್ಲೇ ಮೊರೆ ಬಂದರಂತೂ ಕಥೆ ಮುಗಿಯಿತು. ಉಳಿಯ ಮೂಲಕ ಅದು ನೇರ ಕಲ್ಲಿಗೆ ಮುಟ್ಟಿ, ಕುಟ್ಟಿದ್ದಕ್ಕಿಂತ ಹೆಚ್ಚು ಉಬ್ಬಿಬಿಡುತ್ತಿತ್ತು. "ಬಾಯಿ ಖಾಲಿ ಬಿಡಬೇಡ ಕಣೋ, ಬೈತಾ ಇರು" ಎಂದು ಅಪ್ಪ ಕಲಿಸಿಕೊಟ್ಟಿದ್ದ. ಮಗ ಚೆನ್ನಾಗಿಯೇ ಕಲಿತ. ಗೋಡೆಯನ್ನು ಬೈದ, ಬಿಸಿಲನ್ನು ಬೈದ, ಉಪ್ಪು ಮರೆತ ಅಡುಗೆಯವರನ್ನು ಬೈದ. ಕಲ್ಲಿನ ಪುಡಿ ನುಂಗಿ ನುಂಗಿ ಗಂಟಲು ಗೊಗ್ಗರಾಗಿತ್ತು, ಎಡಗಿವಿ ಮಂದವಾಗಿತ್ತು, ಬಲಭುಜ ಎಡಭುಜಕ್ಕಿಂತ ಕೆಳಗಿಳಿದಿತ್ತು. ಇಷ್ಟೆಲ್ಲ ಮಾಡಿ ಬಾಗಿಲು ಬಿಡಿಸಿಟ್ಟರೆ, ಸಂಜೆ ಯಾರೋ ಗುಡುಗಿಗೆ ಹೆದರಿ ಕೈ ಮುಗಿಯುತ್ತಿದ್ದರು. ಮರುದಿನ ಮತ್ತೆ ಅದೇ ಹಾಡು.

ಒಂದು ದಿನ ಉಳಿಗಳೆಲ್ಲ ಮೊಂಡಾಗಿದ್ದವು. ಬೆಳಗ್ಗೆ ಹೆಂಡತಿ ಅವನ್ನು ಚೀಲಕ್ಕೆ ತುಂಬಿಕೊಂಡಳು.

"ಇದರಲ್ಲಿ ಕುಟ್ಟೋಕಿಂತ ಹಣೆ ಚಚ್ಕೊಳ್ಳೋದು ವಾಸಿ. ಕೆಳಗೆ ಕಮ್ಮಾರನ ಹತ್ರ ಹರಿತ ಮಾಡಿಸ್ಕೊಂಡು ಬರ್ತೀನಿ."

"ಹೋಗು. ಹರಟೆ ಹೊಡೀತಾ ಅಲ್ಲೇ ಕೂತುಬಿಡಬೇಡ" ಎಂದ ಗೊಣಗಪ್ಪ, ಒಂದು ಉಳಿ ಮಾತ್ರ ಉಳಿಸಿಕೊಂಡು.

ಅವಳು ಕುಲುಮೆ ಮುಟ್ಟುವಷ್ಟರಲ್ಲಿ ಕಾವಲುಗೋಪುರದ ಗಂಟೆ ಹೊಡೆಯಿತು. ಹೊಳೆಯಾಚೆ ಲೂಟಿಕೋರರ ಕುದುರೆಗಳು ಕಂಡಿದ್ದವು. ಕೆಳಗಿನ ಕೇರಿಯವರು ಮಕ್ಕಳುಮರಿ ಕಟ್ಟಿಕೊಂಡು ಏದುಸಿರು ಬಿಡುತ್ತ ಒಳಗೆ ಓಡಿಬಂದರು. ಬಂದವರು ಸುಮ್ಮನೆ ಕೂತಾರೆಯೇ? ಅಂಗಳದಲ್ಲಿ ಸಾಲಾಗಿ ಕೂತು ಮೊರೆಯಿಡತೊಡಗಿದರು. ಗಾಡಿ ಹೋಗುವಷ್ಟಿದ್ದ ಬಾಗಿಲು ನೋಡನೋಡುತ್ತಲೇ ಆಳು ಹೋಗುವಷ್ಟಾಯಿತು. ಬಂದವರಲ್ಲಿ ಹೆಂಡತಿ ಇರಲಿಲ್ಲ.

ಗೊಣಗಪ್ಪ ಸುತ್ತಿಗೆ ಬಿಸಾಕಿ ಗುಡಿಯ ಗುರುಗಳ ಬಳಿ ಓಡಿದ. "ಇವರ ಬಾಯಿ ಮುಚ್ಚಿಸಿ ಸ್ವಾಮೀ! ಅವಳು ಇನ್ನೂ ಹೊರಗೇ ಇದಾಳೆ!"

ಗುರುಗಳೂ ಕೈ ಮುಗಿದುಕೊಂಡೇ ಕೂತಿದ್ದರು. "ಹೆದರಬೇಡಿ ಅಂತ ಹೇಳಬಹುದಪ್ಪಾ. ಹೆದರಿಕೆ ನನ್ನ ಮಾತು ಕೇಳುತ್ತಾ? ನನ್ನ ನಾಲಿಗೇನೇ ನನ್ನ ಹಿಡಿತದಲ್ಲಿಲ್ಲ."

"ಹಿಡಿತದಲ್ಲಿಲ್ಲದಿದ್ರೆ ಕಚ್ಕೊಳ್ಳಿ!" ಎಂದು ಕೂಗಿ ಅಂಗಳಕ್ಕೆ ಬಂದ. "ಏ ಪುಣ್ಯಾತ್ಮರಾ, ಸ್ವಲ್ಪ ಹೊತ್ತು ತೆಪ್ಪಗಿರಿ! ನನ್ನ ಹೆಂಡ್ತಿ ಹೊರಗೆ ಸಿಕ್ಕಿಹಾಕ್ಕೊಂಡಿದಾಳೆ!"

ಎಲ್ಲರೂ ಮೌನವಾದರು. ಮುಂದಿನ ಸಾಲಿನಲ್ಲಿದ್ದ ಅಜ್ಜಿ ಕಣ್ಣೊರೆಸಿಕೊಂಡಳು. "ಅಯ್ಯೋ ಪಾಪ! ದೇವರೇ, ಆ ಹೆಣ್ಣುಮಗಳನ್ನ ಕಾಪಾಡಪ್ಪಾ!"

"ಕಾಪಾಡಪ್ಪಾ!" ಎಂದಿತು ಇಡೀ ಅಂಗಳ, ಒಂದೇ ದನಿಯಲ್ಲಿ.

ಬಾಗಿಲ ಕಲ್ಲು ಕರಕರ ಎಂದಿತು. ಗೊಣಗಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಒಳ್ಳೆಯ ಮನಸ್ಸಿನವರು, ಅದಕ್ಕೇ ಅವರನ್ನು ಹೊಡೆಯುವ ಹಾಗೂ ಇರಲಿಲ್ಲ. ಓಡಿ ಹೋಗಿ ನೋಡಿದರೆ ಬಾಗಿಲು ಅಂಗೈ ಅಗಲ ಉಳಿದಿತ್ತು. ಮೊಂಡು ಉಳಿ ಹಿಡಿದು, ಅಜ್ಜಿಯ ಏಳು ತಲೆಮಾರನ್ನೂ ಬೈಯುತ್ತ ಕುಟ್ಟಿದ. ಉಳಿ ಜಾರಿ ಜಾರಿ ಬೆರಳಿನ ಚರ್ಮ ಕಿತ್ತು ಬಂತೇ ಹೊರತು ಕಲ್ಲು ಜಗ್ಗಲಿಲ್ಲ.

ಆಗ ಆ ಸಂದಿಯಲ್ಲಿ ಒಂದು ಚೀಲ ತೂರಿತು.

"ತಗೊಳ್ರೀ. ಕಮ್ಮಾರ ಕುಲುಮೆ ಬಿಟ್ಟು ಓಡ್ತಿದ್ದ. ಹಿಡಿದು ನಿಲ್ಲಿಸಿ ಮಾಡಿಸ್ಕೊಂಡು ಬಂದೆ."

"ನಿನಗೇನು ತಲೆ ಕೆಟ್ಟಿದೆಯೇನೇ? ಉಳಿ ಮನೆ ಹಾಳಾಗ್ಲಿ, ಗಂಟೆ ಕೇಳಿದ ತಕ್ಷಣ ಓಡಿ ಬರೋದಲ್ವಾ?"

"ಬಂದಿದ್ರೆ ಮೊಂಡು ಉಳಿ ಇಟ್ಕೊಂಡು ನಾಳೆ ಏನ್ಮಾಡ್ತಿದ್ರಿ? ಕುಟ್ಟಿ ಸುಮ್ನೆ."

ಹರಿತವಾದ ಉಳಿ ಕಲ್ಲನ್ನು ಚೆನ್ನಾಗಿ ಕಚ್ಚಿತು. ಸಂದಿ ಮುಖದಷ್ಟಾಯಿತು. ಬೆವರಿಗೆ ಅಂಟಿದ ಕೂದಲು, ಕೆನ್ನೆಯ ಮಸಿ ಎಲ್ಲ ಕಂಡವು. ಇನ್ನೊಂದು ಗೇಣು ಬಿಡಿಸಿದರೆ ಅಡ್ಡಡ್ಡವಾಗಿ ನುಸುಳುತ್ತಾಳೆ. ಅವಳು ಒಂದು ಭುಜ ಒಳಗೆ ತೂರಿಸಲು ಪಕ್ಕಕ್ಕೆ ತಿರುಗಿದಳು. ಅವಳು ತಿರುಗಿದ್ದರಿಂದ ಅವಳ ಹಿಂದಿನ ಇಳಿಜಾರು ಅವನಿಗೆ ಕಂಡಿತು. ಅಲ್ಲಿ ಧೂಳೆದ್ದಿತ್ತು, ಧೂಳಿನೊಳಗೆ ಕುದುರೆಗಳಿದ್ದವು.

 ಗೊಣಗಪ್ಪನ ಉಳಿ ಇನ್ನೂ ಕಲ್ಲಿನ ಮೇಲೇ ಇತ್ತು. ಬಾಯಿ ತನ್ನಷ್ಟಕ್ಕೆ ತೆರೆಯಿತು.

"ದೇವರೇ, ಇವಳನ್ನ ಕಾಪಾಡಪ್ಪಾ!"

ಅವಳು ಭುಜ ಹಿಂದಕ್ಕೆ ಎಳೆದುಕೊಳ್ಳುವಷ್ಟು ಮಾತ್ರ ಸಮಯವಿತ್ತು. ಎರಡೂ ಕಡೆಯ ಕಲ್ಲು ಕೂಡಿಕೊಂಡು ಬಾಗಿಲೇ ಇಲ್ಲದಂತಾಯಿತು.

ಹೊಸ ಕಲ್ಲು ತೆಳುವಾಗಿತ್ತು. ಆಚೆಯಿಂದ ಅವಳ ದನಿ ಕೇಳಿಸಿತು.

"ಏನ್ರೀ, ನೀವೂನಾ?"

 ಜೀವಮಾನವೆಲ್ಲ ಬೈದ ಬಾಯಿ, ಈಗ ಒಂದು ಬೈಗುಳವೂ ನೆನಪಾಗಲೊಲ್ಲದು. ಉಳಿ ಕೆಳಗಿಟ್ಟ. ಮುಟ್ಟಿದರೆ ಮತ್ತೆ ಅದೇ ಮಾತು ಬರುತ್ತದೆಂದು ಗೊತ್ತಿತ್ತು. ಅವಳಿಗೂ ಗೊತ್ತಾಯಿತೇನೋ.

"ಸರಿ, ನಾನೇ ಬೈತೀನಿ. ನೀವು ಕುಟ್ಟಿ" ಎಂದಳು. "ಗೊರಕೆ ಹೊಡೆಯೋ ಗೂಬೆ! ಮದುವೆಮನೇಲಿ ನಮ್ಮಣ್ಣನ ಜೊತೆ ಎಲೆ ಮುಂದೆ ಜಗಳ ಆಡಿದ ಮೂದೇವಿ! ಮೂಗಿನ ಮೇಲೆ ಸಿಟ್ಟು, ಕಾಲಿಗೆ ಬುದ್ಧಿ ಹೇಳೋ ಗಂಡಸು!"

ಗೊಣಗಪ್ಪ ಕುಟ್ಟಿದ. ಅವಳ ಒಂದೊಂದು ಬೈಗುಳಕ್ಕೆ ಒಂದೊಂದು ಪೆಟ್ಟು. ಕಣ್ಣೀರು ಸುರಿಯುತ್ತಿತ್ತು, ಚಕ್ಕೆಗಳು ಹಾರುತ್ತಿದ್ದವು. ಗೊರಸಿನ ಸದ್ದು ಅವನ ಮಂದ ಕಿವಿಗೂ ಕೇಳಿಸತೊಡಗಿತು.

ಆಚೆ ಅವಳು ಥಟ್ಟನೆ ಸುಮ್ಮನಾದಳು.

ಆ ಹಾಳು ಮಾತು ಅವನ ನಾಲಿಗೆಯ ತುದಿಗೇ ಬಂತು. ಹಲ್ಲು ಕಚ್ಚಿ ಅದನ್ನು ಒಳಗೆ ನೂಕಿ, ಗಂಟಲು ಹರಿಯುವಂತೆ ಅರಚಿದ.

"ಎಲ್ಲಿ ಸತ್ತ್ಯೇ ನೀನು?"

ಬೈಗುಳ ಬಾಯಿಗೆ ಮರಳಿತ್ತು, ಕಲ್ಲು ಉಬ್ಬಲಿಲ್ಲ.

"ಇಲ್ಲೇ ಇದೀನಿ, ಉಸಿರಾದ್ರೂ ತಗೋಬೇಡ್ವಾ?" ಎಂದಳು ಅವಳು. "ನೀವು ಬೈಯ್ರಿ, ಬೈತಾ ಕುಟ್ಟಿ."