ಆಷಾಢದಲ್ಲಿ ಉಕ್ಕಿದ ಹಾಲು

ಬಟವಾಡಿಯಲ್ಲಿ ನಾವಿದ್ದದ್ದು ಹೈವೇಗೆ ಮುಖ ಮಾಡಿದ ಆರು ಮನೆಗಳ ವಠಾರ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಆ ರಸ್ತೆಯಲ್ಲಿ ಅಂಗಡಿಗಳು ಏಳತೊಡಗಿದವು. ನಮ್ಮ ಓನರ್‌ಗೂ ವಠಾರ ಕೆಡವಿ ಮಳಿಗೆ ಕಟ್ಟಿಸುವ ಆಸೆ ಹುಟ್ಟಿತು. ಐದು ಮನೆಯವರು ಗಂಟುಮೂಟೆ ಕಟ್ಟಿಕೊಂಡು ಹೋದರು. ಉಳಿದದ್ದು ನಾನು, ಅಮ್ಮ ಮತ್ತು ಅವಳ ಹೊಲಿಗೆ ಮೆಷಿನ್ನು.

ಹಟಕ್ಕೆ ಕೂತಿದ್ದೆವು ಎಂದುಕೊಳ್ಳಬೇಡಿ. ಅಪ್ಪ ತೀರಿಕೊಂಡ ಮೇಲೆ ಗುಬ್ಬಿಯಿಂದ ಬಂದ ನಮಗೆ ಹೋಗಲು ಬೇರೆ ಜಾಗವಿರಲಿಲ್ಲ. ಮನೆ ಹುಡುಕಿದೆವು. ಉಪ್ಪಾರಹಳ್ಳಿಯಲ್ಲಿ ಒಬ್ಬಾಕೆ ಬಾಗಿಲಿಗೆ ಅಡ್ಡ ನಿಂತೇ "ನೀವು ಯಾವ ಜನ?" ಅಂದರು.

"ತಿಂಗ್‌ತಿಂಗ್ಳೂ ಬಾಡಿಗೆ ಕೊಡೋ ಜನ" ಅಂದಳು ಅಮ್ಮ. ಬಾಗಿಲು ಮುಚ್ಚಿತು.

ಇನ್ನೊಂದು ಕಡೆ, ಮನೆಯಲ್ಲಿ ಗಂಡಸರಿಲ್ಲ ಎಂದು ತಿಳಿದ ಕೂಡಲೇ, ಬೀಗ ಹಾಕಿದ್ದ ಮನೆಯನ್ನು ತೋರಿಸದೆಯೇ ಖಾಲಿಯಿಲ್ಲ ಅಂದರು. ನನಗಾಗ ಹದಿಮೂರು. ಆ ಬಾಗಿಲುಗಳ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯಲಿ ಅಂತ ನನಗೇನೂ ಆಸೆಯಿಲ್ಲ.

ಅಷ್ಟರಲ್ಲಿ ಆಷಾಢ ಬಂತು. ನಮ್ಮ ಕಡೆ ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ, ಹೊಸ ಮನೆಯಲ್ಲಿ ಹಾಲುಕ್ಕಿಸುವುದಿಲ್ಲ, ಕಟ್ಟಡದ ಕೆಲಸಕ್ಕೆ ಕೈ ಹಾಕುವುದಿಲ್ಲ. ಓನರ್ ಅಂತೂ ಪಂಚಾಂಗ ನೋಡದೆ ಕ್ಷೌರಕ್ಕೂ ಹೋಗದ ಮನುಷ್ಯ. ಒಂದು ತಿಂಗಳು ನೆಮ್ಮದಿ ಎಂದುಕೊಂಡೆವು. ಆದರೆ ಶ್ರಾವಣದ ಮುಹೂರ್ತಕ್ಕೆ ಅವರಿಗೆ ಜಾಗ ಖಾಲಿ ಸಿಗಬೇಕಿತ್ತು. ಒಂದು ಬೆಳಿಗ್ಗೆ ಇಬ್ಬರು ಆಳುಗಳನ್ನು ಕಳಿಸಿ ನಮ್ಮ ಮನೆಯ ಹೆಂಚು ಇಳಿಸಿಬಿಟ್ಟರು. ಅದಕ್ಕೆ ಪಂಚಾಂಗದಲ್ಲಿ ಅಡ್ಡಿ ಇರಲಿಲ್ಲವೇನೋ.

ಅಮ್ಮ ಅಳಲಿಲ್ಲ. ಮೆಷಿನ್ನಿಗೆ ಟಾರ್ಪಾಲು ಹೊದಿಸಿ ನನ್ನನ್ನು ಕರೆದಳು.

"ಅರ್ಧ ಲೀಟರ್ ಹಾಲು ತಗೊಂಬಾ. ಹಂಗೇ ಓನರ್ ಮನೆಗೋಗಿ, ಅಮ್ಮ ಹಾಲುಕ್ಕಿಸ್ತಾಳಂತೆ, ಬರ್ಬೇಕಂತೆ ಅಂತ ಹೇಳ್ಬುಟ್ಟು ಬಾ."

ಓನರ್ ಏದುಸಿರು ಬಿಡುತ್ತಾ ಬಂದರು. ಸೂರಿಲ್ಲದ ಅಡುಗೆಮನೆಯಲ್ಲಿ, ಗಾಳಿಗೆ ಹಲಗೆ ಅಡ್ಡ ಇಟ್ಟು, ಅಮ್ಮ ಸೀಮೆಎಣ್ಣೆ ಸ್ಟೌ ಹಚ್ಚಿದ್ದಳು.

"ಆಷಾಢದಲ್ಲಿ ಯಾರಾದ್ರೂ ಹಾಲುಕ್ಕಿಸ್ತಾರೇನಮ್ಮ? ನನ್ನ ಜಾಗಕ್ಕೆ ಕೇಡಲ್ವಾ?"

"ಹೆಂಚು ನಾನಿಳಿಸ್ಲಿಲ್ಲ ಯಜಮಾನ್ರೆ. ಹಳೇ ಮನೆ ಬೆಳಿಗ್ಗೇನೇ ಹೋಯ್ತು. ಇದು ಹೊಸ ಮನೆ. ಇವತ್ತು ಸೇರ್ಕೊಂಡಿದೀನಿ."

ಹಾಲು ಉಕ್ಕಿ ಸ್ಟೌ ಮೇಲೆ ಚೆಲ್ಲಿತು. ಬಾಡಿಗೆ ಮನೆ ಸೇರುವ ದಿನ ಮೊದಲ ಲೋಟ ಓನರ್‌ಗೆ ಕೊಡುವುದು ಪದ್ಧತಿ, ಕುಡಿದವರು ಒಳ್ಳೆಯದಾಗಲಿ ಅನ್ನಬೇಕು. ಅಮ್ಮ ಲೋಟ ಚಾಚಿದಳು. ಉಕ್ಕಿಸಿದ ಹಾಲನ್ನು ಬೇಡ ಅಂದರೆ ಅದು ಇನ್ನೂ ದೊಡ್ಡ ಅಪಶಕುನ, ಅವರಿಗಿಂತ ಚೆನ್ನಾಗಿ ಅದನ್ನು ಬಲ್ಲವರಿಲ್ಲ. ಅಕ್ಕಪಕ್ಕದವರು ಕಾಂಪೌಂಡಿನಾಚೆ ನಿಂತು ನೋಡುತ್ತಿದ್ದರು. ಓನರ್ ಒಮ್ಮೆ ಮೇಲೆ ಬಯಲಾಗಿದ್ದ ಆಕಾಶ ನೋಡಿ, ಲೋಟ ತೆಗೆದುಕೊಂಡು ಕುಡಿದರು.

"ಒಳ್ಳೇದಾಗ್ಲಿ" ಎಂದು ಗೊಣಗಿದರು.

"ಹಂಗಾದ್ರೆ ಹೆಂಚು?" ಅಂದಳು ಅಮ್ಮ.

ಅದೇ ಆಳುಗಳು ಸಂಜೆಯೊಳಗೆ ಹೆಂಚು ಹೊದಿಸಿ ಹೋದರು. ನನಗೆ ಖುಷಿ ತಡೆಯಲಾಗದೆ, ಪ್ರತಿ ಹೆಂಚನ್ನೂ ಕೆಳಗೆ ನಿಂತು ನೋಡಿದೆ.

ಒಳ್ಳೇದಾಗ್ಲಿ ಅಂದ ಬಾಯಲ್ಲೇ ಖಾಲಿ ಮಾಡಿ ಅನ್ನಲು ಓನರ್‌ಗೆ ಧೈರ್ಯ ಬರಲಿಲ್ಲ, ಮತ್ತೆ ನಾಲ್ಕು ವರ್ಷ ನಾವು ಅಲ್ಲೇ ಇದ್ದೆವು. ನಾನು ಟೈಪಿಂಗ್ ಕಲಿತು ಕೆಲಸಕ್ಕೆ ಸೇರಿದ ಮೇಲೆ ಬೇರೆ ಮನೆ ಸಿಕ್ಕಿತು, ಏನೂ ಕೇಳದೆ ಕೊಟ್ಟ ಮನೆ. ಬೀಗದ ಕೈ ಒಪ್ಪಿಸಲು ಹೋದಾಗ ಓನರ್ ಗಾಬರಿಯಾದರು.

"ಈಗ ಆಷಾಢ ಕಣಮ್ಮ, ಇನ್ನೊಂದು ತಿಂಗಳು ಇದ್ದು ಹೋಗಿ."

"ನಮಗೆ ಆಷಾಢ ಆಗ್ಬರುತ್ತೆ ಯಜಮಾನ್ರೆ" ಅಂದಳು ಅಮ್ಮ.