ಮಾವನ ಬಿಲ್ಲಿಗೆ ಒಪ್ಪಿದ ಬಾಣ

ನನಗೆ ನಲವತ್ತೊಂದು ತುಂಬಿದ ವರ್ಷ ಶಿಡ್ಲಘಟ್ಟದ ನನ್ನ ಸೋದರಮಾವ ಒಂದು ಬಿಲ್ಲು ಮಾಡಿಕೊಟ್ಟರು. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಹೆಣೆಯುತ್ತಲೇ ಬದುಕು ಕಳೆದವರು ಅವರು. ಪ್ಲಾಸ್ಟಿಕ್ ಚಂದ್ರಿಕೆ ಬಂದಮೇಲೆ ಕೈಗೆ ಕೆಲಸ ಕಡಿಮೆಯಾಗಿತ್ತು. ನಾನು ಚಿಕ್ಕಬಳ್ಳಾಪುರದಲ್ಲಿ ಭಾನುವಾರದ ಬಿಲ್ವಿದ್ಯೆ ತರಗತಿಗೆ ಸೇರಿದ್ದೇನೆ ಅಂದದ್ದೇ ತಡ, ಎರಡು ತಿಂಗಳು ಕೂತು, ಬಿದಿರಿನ ಸೀಳನ್ನು ಜಾಲಿಮರದ ಪಟ್ಟಿಗೆ ಅಂಟಿಸಿ, ಹೆರೆದು, ನನಗಿಂತ ಎತ್ತರದ ಬಿಲ್ಲೊಂದನ್ನು ತಯಾರು ಮಾಡಿದ್ದರು.

"ಎಳ್ದು ನೋಡಮ್ಮ," ಅಂದರು. ಎಳೆದೆ. ಬೆಣ್ಣೆಯಂತೆ ಬಂತು.

ತೊಂದರೆ ಶುರುವಾದದ್ದು ಬಾಣದಿಂದ. ಮಾವ ಮಾಡಿಕೊಟ್ಟ ಮರದ ಬಾಣಗಳು ಬಿಸಿಲಿಗೆ ಸೊಟ್ಟಗಾದವು. ಹಾಗಾಗಿ ತರಗತಿಯವರೆಲ್ಲ ಬಳಸುವಂಥ ಕಾರ್ಬನ್ ಬಾಣಗಳನ್ನೇ ತರಿಸಿದೆ. ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಎಂದುಕೊಂಡು ಬಹಳ ಬಿಗಿಯಾದದ್ದನ್ನೇ ಆರಿಸಿದ್ದೆ. ಮೊದಲ ಭಾನುವಾರ ಆರು ಬಾಣ ಬಿಟ್ಟೆ. ಆರೂ ಗುರಿಗಿಂತ ಒಂದು ಮೊಳ ಎಡಕ್ಕೆ ಹೋದವು. ಬಲಕ್ಕೆ ಗುರಿಯಿಟ್ಟು ಸರಿದೂಗಿಸಲು ನೋಡಿದೆ. ಪಕ್ಕದ ಸಾಲಿನವರು ನನ್ನ ನಿಲುವು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

ಕೋಚ್ ಕೆಟ್ಟವರಲ್ಲ. ಬಿಲ್ಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಮೇಡಂ, ಇದು ಗೋಡೆಗೆ ತೂಗ್ಹಾಕೋಕೆ ಚೆನ್ನಾಗಿದೆ. ಕಾರ್ಬನ್ ಬಾಣಕ್ಕೆ ಇದು ಆಗಲ್ಲ. ಒಂದು ಹೊಸ ಬಿಲ್ಲು ತಗೊಂಬಿಡಿ," ಅಂದರು.

ಅವತ್ತು ಮಾವನೂ ನೋಡಲು ಬಂದಿದ್ದರು. ಬಸ್ ಸ್ಟ್ಯಾಂಡಿನವರೆಗೂ ಬಿಲ್ಲನ್ನು ಅವರೇ ಹೊತ್ತರು. ಬಸ್ ಹತ್ತುವ ಮುಂಚೆ, "ಎಲ್ಲೋ ನಂದೇ ತಪ್ಪಿರ್ಬೇಕು ಬಿಡಮ್ಮ," ಅಂದರು. ಆ ಮಾತು ಗೌರಿಬಿದನೂರಿನ ಮನೆಗೆ ಬಂದಮೇಲೂ ನನ್ನನ್ನು ಬಿಡಲಿಲ್ಲ.

ನಾನು ಕುಡುಮಲಕುಂಟೆಯ ಒಂದು ಪೈಪ್ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ಕೆಲಸ ಮಾಡುತ್ತೇನೆ. ಪೈಪಿನ ತುಂಡನ್ನು ಎರಡು ಆಧಾರಗಳ ಮೇಲಿಟ್ಟು, ನಡುವೆ ತೂಕ ತೂಗಿಬಿಟ್ಟು, ಎಷ್ಟು ಬಾಗಿತೆಂದು ಬರೆದಿಡುವುದು ದಿನದ ಕೆಲಸ. ಸೋಮವಾರ ಬೆಳಿಗ್ಗೆ ಮೂರನೆಯ ತುಂಡನ್ನು ಇಡುವಾಗ ಕೈ ನಿಂತಿತು. ಬಾಣದ ಮೇಲೆ ಬರೆದಿರುವ ಅಂಕಿಯೂ ಇದೇ ಅಲ್ಲವೇ! ಅಂಕಿ ದೊಡ್ಡದಾದಷ್ಟೂ ಬಾಣ ಹೆಚ್ಚು ಬಾಗುತ್ತದೆ. ನನ್ನವು ನಾನೂರು, ಅಂದರೆ ಬಾಗಲು ಒಲ್ಲದವು.

ಹೊಸ ಕಾಲದ ಬಿಲ್ಲುಗಳಲ್ಲಿ ಹಿಡಿಯ ಮೇಲೆ ಬಾಣಕ್ಕೆಂದೇ ಕಿಟಕಿಯಂತೆ ಕೊರೆದಿರುತ್ತಾರೆ. ಬಾಣ ನಡುವಿನಿಂದಲೇ ನೇರ ಹೋಗುತ್ತದೆ. ಮಾವನ ಬಿಲ್ಲಿನಲ್ಲಿ ಅದಿಲ್ಲ. ಬಾಣ ಹಿಡಿಯ ಎಡಪಕ್ಕಕ್ಕೆ ಒರಗಿರುತ್ತದೆ. ಹೆದೆ ಬಿಟ್ಟ ಕ್ಷಣ ಅದು ಬಳುಕಿ, ಹಿಡಿಯನ್ನು ಬಳಸಿಕೊಂಡು ಮುಂದೆ ಹೋಗಬೇಕು. ಬಿಗಿ ಬಾಣ ಬಳುಕದೆ, ಹಿಡಿಗೆ ಉಜ್ಜಿಕೊಂಡು ಎಡಕ್ಕೆ ಹಾರುತ್ತದೆ. ತಪ್ಪು ಮಾವನದಲ್ಲ, ನನ್ನ ಆಯ್ಕೆಯದು.

ಮುಂದಿನ ರಜೆಗೆ ಶಿಡ್ಲಘಟ್ಟಕ್ಕೆ ಹೋಗಿ ಮಾವನಿಗೆ ಇದನ್ನು ಹೇಳಿದೆ. ಅವರು ಎದ್ದು ಹಿಪ್ಪುನೇರಳೆ ತೋಟದ ಬದುವಿಗೆ ಹುಲ್ಲಿನ ಹೊರೆಗಳನ್ನು ಒಂದರ ಮೇಲೊಂದು ಪೇರಿಸಿದರು. ಗರಿ ಇದ್ದರೆ ಬಾಣ ದಾರಿಯಲ್ಲೇ ತನ್ನ ತಪ್ಪು ತಿದ್ದಿಕೊಳ್ಳುತ್ತದೆ, ಆದ್ದರಿಂದ ಒಂದು ಬಾಣದ ಗರಿ ಕಿತ್ತು, ಹತ್ತು ಹೆಜ್ಜೆ ದೂರದಿಂದ ಬಿಟ್ಟೆ. ಎಡಕ್ಕೆ. ಮೊನೆ ಭಾರವಾದರೆ ಬಾಣ ಹೆಚ್ಚು ಬಳುಕಬೇಕು. ಇದ್ದ ಮೊನೆ ಬಿಚ್ಚಿ, ಅದರ ಎರಡರಷ್ಟು ತೂಕದ ಮೊನೆ ತಿರುಗಿಸಿ ಕೂರಿಸಿದೆ. ಮೊಳದಷ್ಟಿದ್ದ ತಪ್ಪು ಗೇಣಿಗೆ ಇಳಿಯಿತು.

"ದಾರಿಗ್ ಬರ್ತಾ ಐತೆ ಕಣಮ್ಮ!" ಮಾವ ಕೂಗಿದರು.

ಆದರೆ ಅಷ್ಟು ಭಾರದ ಬಾಣ ದೂರ ಹೋಗದೆ ತಲೆಬಾಗಿ ಬೀಳುತ್ತಿತ್ತು. ಅದಕ್ಕೆ ಆರುನೂರು ಅಂಕಿಯ, ಹೆಚ್ಚು ಬಳುಕುವ ಬಾಣಗಳನ್ನು, ಹಗುರವಾದ ಮೊನೆಗಳನ್ನು ತರಿಸಿದೆ. ಈ ಸಲ ಗರಿಯಿಲ್ಲದ ಬಾಣ ನಾಲ್ಕು ಬೆರಳು ಬಲಕ್ಕೆ ಬಿತ್ತು. ಅಂದರೆ ಬಳುಕು ಸ್ವಲ್ಪ ಜಾಸ್ತಿ. ಬಾಣದ ಉದ್ದ ಕಡಿಮೆ ಮಾಡಿದರೆ ಬಿಗಿ ಹೆಚ್ಚುತ್ತದೆ, ಆದರೆ ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು. ಒಂದನ್ನೇ ಪ್ರಯೋಗಕ್ಕೆ ಇಟ್ಟುಕೊಂಡೆವು. ಕಾರ್ಬನ್ ಪುಡಿ ಎದೆಗೆ ಹೋಗದಂತೆ ಇಬ್ಬರೂ ಮಾಸ್ಕ್ ಹಾಕಿಕೊಂಡು, ಕತ್ತರಿಸುವ ಚಕ್ರ ಹಾಕಿದ ಮಾವನ ಗ್ರೈಂಡರಿನಲ್ಲಿ ಮೊನೆಯ ಕಡೆಯಿಂದ ಅರ್ಧ ಇಂಚು ತೆಗೆದೆವು. ಎರಡು ಬೆರಳು ಬಲಕ್ಕೆ. ಇನ್ನು ಕಾಲು ಇಂಚು. ಒಂದು ಬೆರಳು.

"ಸಾಕೇನೋ ಮಾವ," ಅಂದೆ. ಹೆದರಿಕೆಯಾಗಿತ್ತು.

"ಚಂದ್ರಿಕೆ ಕಡ್ಡಿ ಸೀಳೋವಾಗ ಸಾಕೇನೋ ಅಂದ್ರೆ ಅದು ಸಾಲ್ದು ಅಂತಲೇ. ಇನ್ನೊಂದು ಕಾಲು ತೆಗಿ."

ತೆಗೆದೆ. ಬಿಟ್ಟೆ. ಗರಿಯಿಲ್ಲದ ಆ ಬೋಳು ಬಾಣ, ಮೊದಲೇ ನೆಟ್ಟಿದ್ದ ಗರಿಯ ಬಾಣದ ಪಕ್ಕಕ್ಕೆ ಅಂಟಿಕೊಂಡಂತೆ ನಿಂತಿತು. ಮತ್ತೆ ಬಿಟ್ಟೆ, ಅಲ್ಲೇ. ಮೂರನೆಯ ಸಲವೂ ಅಲ್ಲೇ. ಮಾವ ಹುಲ್ಲಿನ ಹತ್ತಿರ ಹೋಗಿ, ಬಾಣಗಳನ್ನು ಕೀಳದೆ, ಕಣ್ಣು ಹತ್ತಿರ ತಂದು ಸುಮ್ಮನೆ ನೋಡುತ್ತ ನಿಂತರು. ಅವತ್ತೇ ಉಳಿದ ಹನ್ನೊಂದನ್ನೂ ಅದೇ ಅಳತೆಗೆ ಕತ್ತರಿಸಿದೆವು.

ತಿಂಗಳ ನಂತರ ಕಳವಾರದ ಬಯಲಿನಲ್ಲಿ, ಬೆಟ್ಟದ ಬುಡದಲ್ಲೇ, ಸುತ್ತಲಿನ ತರಗತಿಗಳವರೆಲ್ಲ ಸೇರಿ ಒಂದು ಸ್ಪರ್ಧೆ ಇಟ್ಟುಕೊಂಡರು. ಹತ್ತೊಂಬತ್ತು ಜನ, ಇಪ್ಪತ್ತು ಮೀಟರ್, ಹನ್ನೆರಡು ಬಾಣ. ಗುರಿ ನೋಡುವ ಸಲಕರಣೆ ಇಲ್ಲದ ಮರದ ಬಿಲ್ಲು ನನ್ನದೊಂದೇ. ನನ್ನ ಮೊದಲ ಮೂರು ಬಾಣ ಗುರಿಯ ನಡುವಿನ ಹಳದಿಯೊಳಗೆ ಹೋದಾಗ ಪಕ್ಕದವರು ತಿರುಗಿ ನನ್ನ ಬಿಲ್ಲು ನೋಡಿದರು. ಆರಾದ ಮೇಲೆ ಕೋಚ್ ನನ್ನ ಹಿಂದೆ ಬಂದು ನಿಂತರು. ಒಂಬತ್ತನೆಯದು ಮಾತ್ರ ನನ್ನ ಬೆರಳಿನ ಎಡವಟ್ಟಿನಿಂದ ಹಳದಿಯ ಸುತ್ತಲಿನ ಕೆಂಪಿಗೆ ಜಾರಿತು. ಹನ್ನೆರಡನೆಯದನ್ನು ಬಿಡುವಾಗ ಹೆದೆಯ ಸದ್ದಿನಲ್ಲೇ ಗೊತ್ತಾಯಿತು, ಅದು ಎಲ್ಲಿಗೆ ಹೋಗುತ್ತದೆಂದು. ಸರಿಯಾಗಿ ನಡುವಿಗೆ!

ಒಂದು ಅಂಕದಿಂದ ಎರಡನೆಯ ಸ್ಥಾನ. ಹದಿನೇಳು ಹೊಸ ಬಿಲ್ಲುಗಳು ನನ್ನ ಹಿಂದೆ. ಕೋಚ್ ನನ್ನನ್ನು ದಾಟಿ, ಸ್ಪರ್ಧೆ ನೋಡಲು ಬಂದಿದ್ದ ಮಾವನ ಹತ್ತಿರ ನೇರ ಹೋಗಿ ಕೈ ಕುಲುಕಿದರು. "ಯಜಮಾನ್ರೇ, ಅವತ್ತು ನಾನು ತಪ್ಪು ಹೇಳ್ದೆ," ಅಂದರು, ಎಲ್ಲರ ಮುಂದೆ.

ಮಾವ ತಲೆಯಾಡಿಸಿದರು. ಜೇಬಿನಿಂದ ಫೋನ್ ತೆಗೆದು ಚಿಂತಾಮಣಿಯಲ್ಲಿರುವ ತಮ್ಮ ಅಕ್ಕನಿಗೆ, ಅಂದರೆ ನನ್ನ ಅಮ್ಮನಿಗೆ, ಕರೆ ಮಾಡಿದರು. ಸಂತೋಷ ಹೆಚ್ಚಾದರೆ ಅವರಿಬ್ಬರೂ ತೆಲುಗಿಗೆ ಇಳಿಯುತ್ತಾರೆ.

"ಅಕ್ಕಾ, ಮನ ವಿಲ್ಲು ಗೆಲಿಚಿಂದಿ!" ನಮ್ಮ ಬಿಲ್ಲು ಗೆದ್ದಿತು ಅಂತ.

"ಮಾವ, ಎರಡನೇ ಸ್ಥಾನ ಅಂತ ಹೇಳಿ," ಅಂದೆ.

ಅವರು ಫೋನಿಗೆ ಕೈ ಅಡ್ಡ ಹಿಡಿದು, "ಸುಮ್ನಿರಮ್ಮ," ಅಂದು, ಮತ್ತೆ ಇನ್ನೂ ಜೋರಾಗಿ ಅದನ್ನೇ ಹೇಳಿದರು.