ಒಂದೇ ಗುಂಡು ಎಂದು ಕೇಳಿಸಿಕೊಂಡವರು

ಜಗತ್ತಿನ ರಾಜಕಾರಣವನ್ನು ಪತ್ರಿಕೆಯಲ್ಲಿ ಓದಿ ಒಪ್ಪಿಸುವವರು ಹಲವರಿದ್ದಾರೆ; ಅದನ್ನು ಸಂಪಾಜೆಯ ಗದ್ದೆಯ ಬದುವಿನ ಮೇಲೆ ನಿಲ್ಲಿಸಿ ತೋರಿಸಿದವರು ಪೂಜ್ಯ ಗುರುಗಳಾದ ಶ್ರೀ ಪರಮೇಶಪ್ಪನವರೊಬ್ಬರೇ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಶನಿವಾರಸಂತೆ ಕಡೆಯಿಂದ ನಮ್ಮ ಶಾಲೆಗೆ ಬಂದು, ಇಂದಿನವರೆಗೂ ಚರಿತ್ರೆ, ಪೌರನೀತಿಗಳನ್ನು ಬೋಧಿಸಿದ ಅವರು ನನಗೆ ಮೊದಲು ಗುರುಗಳು, ಆಮೇಲೆ ಸಹೋದ್ಯೋಗಿಗಳು. ಕಾಯಿಲೆ ಬಿದ್ದ ಮಕ್ಕಳ ಮನೆಗೇ ಮಳೆಯಲ್ಲಿ ನಡೆದುಹೋಗಿ ಪಾಠ ಹೇಳಿದ್ದುಂಟು. ಅಲ್ಲಿ ಕಾಫಿಗೆ ಬೆಲ್ಲ ಸಾಲದೆಂದು ಜಗಳ ತೆಗೆದದ್ದೂ ಉಂಟು!

ಚೀನಾ ಅಣುಬಾಂಬು ಸಿಡಿಸಿದ ಸುದ್ದಿ ಬಂದಾಗ, ನಮ್ಮ ದೇಶಕ್ಕೂ ಒಂದು ಬೇಕೇ ಬೇಕೆಂದು ಇಡೀ ತರಗತಿ ಕೂಗಿತು.

"ಯಾಕ್ರಪ್ಪಾ?" ಎಂದರು ಮೇಷ್ಟ್ರು.

"ನಮ್ಮನೇಲಿ ಕೋವಿ ಇರೋದಕ್ಕೇ ಸಾರ್, ಪಕ್ಕದ ಪೂವಯ್ಯ ಮಾವ ನಮ್ಮ ಗದ್ದೆ ನೀರು ತಿರುಗಿಸ್ಕೊಳ್ದೆ ಸುಮ್ಮನಿರೋದು" ಎಂದೆ ನಾನು.

"ನಿಮ್ಮಪ್ಪನ ಬಗ್ಗೆ ಅವರೂ ಹಂಗೇ ಅಂತಾರಲ್ಲಮ್ಮ ಸರೋಜ!"

ಕೋವಿ ಇಟ್ಟುಕೊಳ್ಳುವುದು ಹೊಡೆಯಲಿಕ್ಕಲ್ಲ, ಎದುರಿನವನು ಹೊಡೆಯದಿರಲೆಂದು. ನಾಲ್ಕು ಜನರಲ್ಲಿ ತನ್ನ ಮಾತಿಗೆ ತೂಕ ಬರಲೆಂದು. ನಾನೇ ಮೊದಲು ಕೆಳಗಿಟ್ಟರೆ ಗತಿಯೇನೆಂಬ ದಿಗಿಲಿಗೆ. ದೇಶಗಳು ಬಾಂಬು ಇಟ್ಟುಕೊಳ್ಳುವ ಕಾರಣಗಳನ್ನು ನಮ್ಮೆರಡು ಮನೆಗಳ ಕೋವಿಗಳಿಂದಲೇ ಬಿಡಿಸಿ ಹೇಳಿದರು. "ಹೆದರಿಕೆಯಿಂದಲೂ ಶಾಂತಿ ಇರ್ತದೆ, ಸುಳ್ಳಲ್ಲ. ಆದ್ರೆ ಮಾತು ನಿಂತಿರೋ ಕಡೆ ಒಂದು ಸದ್ದನ್ನ ತಪ್ಪು ತಿಳ್ಕೊಂಡ್ರೆ ಮುಗೀತು" ಎಂದರು.

ಅಷ್ಟಕ್ಕೇ ಬಿಡುವವರೇ! ಆ ಭಾನುವಾರವೇ ನೀರಿನ ರಾಜಿಗೆಂದು ನಮ್ಮ ಮನೆಗೆ ಬಂದರು. ನನ್ನ ತಂದೆ ಮೊಣ್ಣಪ್ಪನವರೊಡನೆ ಜಗಲಿಯಲ್ಲಿ ಮಾತಾಡುತ್ತಿರುವಾಗ ಪೂವಯ್ಯ ಮಾವನ ಅಂಗಳದಿಂದ ಢಂ ಎಂದಿತು. ಗುಂಡು ನಮ್ಮ ಮೇಲೇ ಎಂದುಕೊಂಡು ಅಪ್ಪ ಗೋಡೆಯ ಕೋವಿಗೆ ಕೈ ಹಾಕಿದರು.

"ಅಂವಂಗೆ ಗ್ರಾಚಾರ ಬಂದುಟ್ಟು ಮೇಷ್ಟ್ರೆ, ಬುಡಿ ನನ್ನ!"

ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು. "ಇನ್ನೊಂದು ಕೇಳ್ತದಾ ನೋಡೋಣ, ತಡೀರಿ. ಒಂದೇ ಆದ್ರೆ ಕೂಸು ಕಣ್ರಿ!"

ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಇದು ನಮ್ಮ ಕಡೆಯ ರೂಢಿ. ಹುಟ್ಟಿದಂದಿನಿಂದ ಬಲ್ಲ ಅಪ್ಪನಿಗೇ ಆ ಗಳಿಗೆಯಲ್ಲಿ ಅದು ಮರೆತುಹೋಗಿತ್ತು. ಎರಡನೆಯದು ಕೇಳಲಿಲ್ಲ. ಮೇಷ್ಟ್ರು ಕೊಡೆಯನ್ನು ಮೇಲಕ್ಕೆತ್ತಿ ಹಿಡಿದು, ಎರಡು ಮನೆಗಳ ನಡುವಿನ ಬದುವಿನ ಮೇಲೆ ಒಬ್ಬರೇ ನಡೆದರು. ಮರಳುವಾಗ ಜೊತೆಯಲ್ಲಿ ಪೂವಯ್ಯ ಮಾವನೂ ಇದ್ದರು, ಕೈಯಲ್ಲಿ ಸಕ್ಕರೆ ತಟ್ಟೆ.

"ಮೊಣ್ಣಪ್ಪ ಭಾವ, ನೀಲಾವತಿಗೆ ಗಂಡ್ ಆತ್!"

ಎರಡು ಮನೆಗೂ ಮಾತು ನಿಂತಿದ್ದರಿಂದ, ಅವರ ಮಗಳು ಹೆರಿಗೆಗೆ ತವರಿಗೆ ಬಂದದ್ದೂ ನಮಗೆ ಗೊತ್ತಿರಲಿಲ್ಲ. ಅಪ್ಪ ಕೋವಿ ಬಿಟ್ಟು ಸಕ್ಕರೆಗೆ ಕೈಯೊಡ್ಡಿದರು. ಜಗಲಿಯಲ್ಲೇ ನೀರಿನ ಸರದಿ ತೀರ್ಮಾನವಾಯಿತು. ಜೊತೆಗೆ ಮೇಷ್ಟ್ರದೊಂದು ಷರತ್ತು: ಇನ್ನು ಮೇಲೆ ಗುಂಡು ಹಾರಿಸುವ ಮುಂಚೆ ಆಚೆ ಮನೆಗೆ ಹೇಳಿಕಳಿಸಬೇಕು.

ಆ ದಿನ ಅವರಿಲ್ಲದಿದ್ದರೆ ನನಗೆ ಅಪ್ಪ ಉಳಿಯುತ್ತಿರಲಿಲ್ಲ. ಇದನ್ನು ಬರೆಯುವಾಗಲೂ ಕಣ್ಣು ತುಂಬುತ್ತದೆ. ಗುರುಗಳು ನೂರು ಕಾಲ ಆರೋಗ್ಯವಾಗಿ ಬಾಳಲಿ. ಒಂಟಿ ಗುಂಡಿನ ಸುದ್ದಿಗಳನ್ನೇ ಕೇಳುತ್ತಿರಲಿ. ನಿವೃತ್ತಿಯ ನೆಪ ಹೇಳಿ ಪಾಠ ನಿಲ್ಲಿಸದಿರಲಿ. ನಾಳೆ ಬೀಳ್ಕೊಡುಗೆಯ ಸನ್ಮಾನದ ಹೊತ್ತಿಗೆ ಅಪ್ಪ ಅವರ ಗೌರವಕ್ಕೊಂದು ಗುಂಡು ಹಾರಿಸಲಿದ್ದಾರೆ. ಇವತ್ತು ಬೆಳಗ್ಗೆಯೇ ಪೂವಯ್ಯ ಮಾವನ ಮನೆಗೆ ಹೋಗಿ ಹೇಳಿ ಬಂದಿದ್ದಾರೆ.